ಅಸಲಿ ಮೆಷಿನ್, ನಕಲಿ ಮನೆ

ಬೆಂಗಳೂರಿನ ಅವೆನ್ಯೂ ರಸ್ತೆಗೆ ಸೇರುವ ಗಲ್ಲಿಯೊಂದರಲ್ಲಿ, ಹಳೆಯ ಪಠ್ಯಪುಸ್ತಕಗಳ ಅಂಗಡಿಗಳ ನಡುವೆ, ಆರಡಿ ಅಗಲದ ಒಂದು ಗಡಿಯಾರ ರಿಪೇರಿ ಅಂಗಡಿಯಿತ್ತು. ಎಚ್‌ಎಂಟಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಅದರ ಯಜಮಾನರು, 2013ರ ಡಿಸೆಂಬರಿನ ಒಂದು ಮಧ್ಯಾಹ್ನ, ನಾನು ಕೊಟ್ಟ ಒಮೆಗಾ ಸೀಮಾಸ್ಟರ್ ಕೈಗಡಿಯಾರದ ಹಿಂಬದಿಯ ಮುಚ್ಚಳವನ್ನು ತಿರುಗಿಸಿ ತೆಗೆದು, ಒಂದು ಕಣ್ಣಿಗೆ ಲೂಪ್ ಎಂಬ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು ಬಹಳ ಹೊತ್ತು ಬಗ್ಗಿ ನೋಡಿದರು. ಆಮೇಲೆ ಏನೂ ಹೇಳದೆ, ಚಿಮಟದ ತುದಿಯಿಂದ ಯಂತ್ರದ ಸುತ್ತ ಇದ್ದ ತೆಳುವಾದ ಹಿತ್ತಾಳೆಯ ಬಳೆಯೊಂದನ್ನು ಮೆಲ್ಲಗೆ ಎತ್ತಿ, ಮೇಜಿನ ಮೇಲೆ ಹಾಸಿದ್ದ ಬಿಳಿಯ ಕಾಗದದ ಮೇಲೆ ಇಟ್ಟರು. ಬಳೆಯ ಹೊರಅಂಚು ನುಣುಪಾಗಿತ್ತು. ಒಳಅಂಚಿನಲ್ಲಿ ಮಾತ್ರ ಯಾರೋ ಅರದಿಂದ ಉಜ್ಜಿ ಅಳತೆಗೆ ತಂದ ಗೀರುಗಳು ಬರಿಗಣ್ಣಿಗೇ ಕಾಣುತ್ತಿದ್ದವು.

“ಸ್ವಾಮಿ, ಮೆಷಿನ್ ಒಮೆಗಾದ್ದೇ, ಒಳ್ಳೇ ಮೆಷಿನ್. ಆದರೆ ಈ ಮನೆ ಇದರದ್ದಲ್ಲ. ಚಿಕ್ಕ ವಾಚಿನ ಮೆಷಿನ್ ತಂದು ದೊಡ್ಡ ಮನೆಯಲ್ಲಿ ಕೂರಿಸಿದ್ದಾರೆ. ಅಲ್ಲಾಡಬಾರದು ಅಂತ ಬಳೆ ಹಾಕಿದ್ದಾರೆ” ಎಂದರು. ಮನೆ ಎಂದರೆ ಯಂತ್ರವನ್ನು ಕೂರಿಸುವ ಹೊರಕವಚ. ಡಯಲ್ಲಿನ ವಿಷಯ ಕೇಳಿದಾಗ ಲೂಪನ್ನು ನನ್ನ ಕೈಗೇ ಕೊಟ್ಟರು. ಆರು ತಿಂಗಳಿಂದ ಫೋಟೋದಲ್ಲಿ ನೋಡಿ ನೋಡಿ ಮರುಳಾಗಿದ್ದ ಆ ಡಯಲ್ಲಿನ ಮೇಲೆ, ಕಂಪನಿಯ ಹೆಸರಿನ ಅಕ್ಷರಗಳು ಇಂಗಿದ ಶಾಯಿಯಂತೆ ಅಂಚಿನಲ್ಲಿ ಹರಡಿಕೊಂಡಿದ್ದವು. ನಿಮಿಷದ ಗೆರೆಗಳು ನಾಲ್ಕು ಗಂಟೆಯ ಲೋಹದ ಕಡ್ಡಿಗೆ ಸರಿಯಾಗಿ ಕೂಡದೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದ್ದವು. ಹಳೆಯ ಡಯಲ್ಲನ್ನು ಉಜ್ಜಿ ಹೊಸದಾಗಿ ಬಣ್ಣ ಹೊಡೆದು ಅಚ್ಚು ಹಾಕುವ ಈ ಕೆಲಸಕ್ಕೆ ಗಡಿಯಾರದವರು ರೀಡಯಲ್ ಎನ್ನುತ್ತಾರೆ. ಕೀಲಿ ತಿರುಗಿಸುವ ಗುಂಡಿಯ ಮೇಲೆ ಕಂಪನಿಯ ಗುರುತೇ ಇರಲಿಲ್ಲ. ಒಳಗಿನ ಯಂತ್ರ ಮಾತ್ರ ಹಳೆಯ ಕಾಲದ ಒಮೆಗಾಗಳಿಗೆ ವಿಶಿಷ್ಟವಾದ ತಾಮ್ರದ ಹೊಳಪಿನಲ್ಲಿ, ಇದ್ಯಾವುದೂ ತನಗೆ ಸಂಬಂಧಿಸಿದ್ದಲ್ಲವೆಂಬಂತೆ ಟಿಕ್ ಟಿಕ್ ಎನ್ನುತ್ತಿತ್ತು.

ಈ ಗಡಿಯಾರವನ್ನು ನಾನು ಅಂತರಜಾಲದ ಹರಾಜು ತಾಣವೊಂದರಲ್ಲಿ 410 ಡಾಲರಿಗೆ ಕೊಂಡಿದ್ದೆ. ಆಗಿನ ಲೆಕ್ಕದಲ್ಲಿ ಸುಮಾರು 25 ಸಾವಿರ ರೂಪಾಯಿ. ಅಂಥ ಹಣವನ್ನು ಕೈಗಡಿಯಾರಕ್ಕೆ ಹಾಕಬೇಕಾದ ಅಗತ್ಯ ನನಗೇನೂ ಇರಲಿಲ್ಲ. ಬಾಲ್ಯದಲ್ಲಿ ಮುಂಬೈಯಿಂದ ಊರಿಗೆ ಬರುತ್ತಿದ್ದ ಚಿಕ್ಕಜ್ಜನ ಕೈಯಲ್ಲಿ ಇಂಥದೇ ಒಂದನ್ನು ಕಂಡಿದ್ದೆ. ಅವರು ಊಟಕ್ಕೆ ಕೂರುವ ಮುನ್ನ ಅದನ್ನು ಬಿಚ್ಚಿ ಬಾಳೆಎಲೆಯಿಂದ ದೂರದಲ್ಲಿ, ಮಡಿಸಿದ ಕರವಸ್ತ್ರದ ಮೇಲೆ ಇಡುತ್ತಿದ್ದ ರೀತಿಯೇ ನನ್ನ ಆಸೆಯ ಮೂಲವೆಂದು ಈಗ ಅನ್ನಿಸುತ್ತದೆ.

ನಾನು ಹರಾಜೆಂದರೇನೆಂದು ತಿಳಿಯದವನಲ್ಲ ಎಂಬುದೇ ಇಲ್ಲಿ ನಾಚಿಕೆಯ ಸಂಗತಿ. ಶಿರಸಿಯಲ್ಲಿ ಅಡಿಕೆ ಟೆಂಡರಿನ ದಿನ ಅಪ್ಪನ ಜೊತೆ ಎಷ್ಟೋ ಬಾರಿ ಹೋಗಿದ್ದೇನೆ. ಸುರಿದಿಟ್ಟ ಚಾಲಿಯ ರಾಶಿಗೆ ವ್ಯಾಪಾರಿ ಕೈ ಹಾಕುತ್ತಾನೆ, ಮೇಲಿನದನ್ನು ಬಿಟ್ಟು ತಳದಿಂದ ನಾಲ್ಕು ಅಡಿಕೆ ತೆಗೆಯುತ್ತಾನೆ, ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾನೆ, ಆಮೇಲಷ್ಟೇ ಚೀಟಿಯಲ್ಲಿ ದರ ಬರೆಯುತ್ತಾನೆ. ಕತ್ತರಿಸಿ ನೋಡದೆ ದರ ಬರೆದವನನ್ನು ಅಲ್ಲಿ ಯಾರೂ ವ್ಯಾಪಾರಿಯೆಂದು ಕರೆಯುವುದಿಲ್ಲ. ಅಂತರಜಾಲದ ಹರಾಜಿನಲ್ಲಿ ಕತ್ತರಿಸಿ ನೋಡುವ ಅವಕಾಶವೇ ಇಲ್ಲ. ಮಾರುವವನು ತೋರಿಸಿದಷ್ಟನ್ನು ನೋಡಿ, ತೋರಿಸದೆ ಬಿಟ್ಟದ್ದರ ಬಗ್ಗೆ ಊಹೆ ಮಾಡಬೇಕು.

ಪಿಯರ್ ಒಮಿಡ್ಯಾರ್ 1995ರಲ್ಲಿ ಆರಂಭಿಸಿದ, ಮುಂದೆ ಇಬೇ ಎಂದು ಹೆಸರಾದ ಹರಾಜು ತಾಣ ಈ ಕೊರತೆಯನ್ನು ತುಂಬಲು ಮರುವರ್ಷವೇ ಒಂದು ಉಪಾಯ ಕಂಡುಕೊಂಡಿತು. ಕೊಂಡವರು ಮಾರಿದವರ ಬಗ್ಗೆ ತಮ್ಮ ಅಭಿಪ್ರಾಯವನ್ನು ಎಲ್ಲರಿಗೂ ಕಾಣುವಂತೆ ಬರೆಯಬೇಕು, ಅದರ ಮೊತ್ತವೇ ಮಾರುವವನ ಮರ್ಯಾದೆ ಎಂಬುದು ಆ ಉಪಾಯ. ವಸ್ತುವನ್ನು ಪರೀಕ್ಷಿಸಲಾಗದಿದ್ದರೆ ಮನುಷ್ಯನನ್ನು ಪರೀಕ್ಷಿಸಿ ಎಂಬ ಈ ವ್ಯವಸ್ಥೆ ಪುಸ್ತಕ, ಅಂಚೆಚೀಟಿ, ಆಟಿಕೆಗಳ ಮಟ್ಟಿಗೆ ಚೆನ್ನಾಗಿಯೇ ನಡೆಯಿತು ಎನ್ನಬೇಕು. ಕೈಗಡಿಯಾರದಂಥ ವಸ್ತುವಿನಲ್ಲಿ, ಅಂದರೆ ಬೆಲೆ ಲಕ್ಷಗಟ್ಟಲೆ ಇದ್ದು, ಗಾತ್ರ ಅಂಗೈಯೊಳಗೆ ಮುಚ್ಚುವಷ್ಟಿದ್ದು, ಅಸಲಿಯೋ ನಕಲಿಯೋ ಎಂಬುದು ಮುಚ್ಚಳ ಬಿಚ್ಚುವವರೆಗೆ ಕೊಂಡವನಿಗೂ ತಿಳಿಯದಂಥ ವಸ್ತುವಿನಲ್ಲಿ, ಅದು ಎಡವಿತು. ನನ್ನ ಮಾರಾಟಗಾರನಿಗೆ 1,140 ಮೆಚ್ಚುಗೆಗಳಿದ್ದವು, ಶೇಕಡಾ 99.6 ಒಳ್ಳೆಯವೇ. ನಂತರ ಒಂದೊಂದಾಗಿ ತೆರೆದು ಓದಿದಾಗ ಗೊತ್ತಾದದ್ದೇನೆಂದರೆ, ಅವುಗಳಲ್ಲಿ ಬಹುಪಾಲು ಫೋನಿನ ಕವರು, ಚರ್ಮದ ಪಟ್ಟಿ, ಬ್ಯಾಟರಿಗಳಂಥ ಎರಡು ಮೂರು ಡಾಲರಿನ ಸರಕಿಗೆ ಬಂದವು. ಗಡಿಯಾರಗಳು ಶುರುವಾದದ್ದು ಕೊನೆಯ ಮೂರು ತಿಂಗಳಲ್ಲಿ. ಮೆಚ್ಚುಗೆಗಳು ಸುಳ್ಳಲ್ಲ, ಕವರು ಕೊಂಡವರಿಗೆ ಕವರು ನಿಜವಾಗಿಯೂ ತಲುಪಿತ್ತು. ಸಾವಿರ ಸಣ್ಣ ನಿಜಗಳ ಬಲದಿಂದ ಆರು ದೊಡ್ಡ ಸುಳ್ಳುಗಳನ್ನು ಮಾರಲಾಗಿತ್ತು ಅಷ್ಟೇ.

ವಿವರಣೆಯಲ್ಲಿಯೂ ಸುಳ್ಳೆಂದು ಬೆರಳಿಟ್ಟು ತೋರಿಸುವಂಥ ಮಾತು ಒಂದೂ ಇರಲಿಲ್ಲ. ತಾತನ ಪೆಟ್ಟಿಗೆಯಲ್ಲಿ ಸಿಕ್ಕಿದ ಗಡಿಯಾರ, ನನಗೆ ಇದರ ವಿಷಯ ಹೆಚ್ಚು ತಿಳಿಯದು, ನಡೆಯುತ್ತಿದೆ, ಫೋಟೋಗಳೇ ವಿವರಣೆಯ ಭಾಗ, ನೋಡಿ ನಿರ್ಧರಿಸಿ, ವಾಪಸು ಇಲ್ಲ ಎಂದಿತ್ತು. ಅಮಾಯಕತೆಯಂತೆ ಕಾಣುವ ಇಂಥ ಒಕ್ಕಣೆ ಈ ವ್ಯಾಪಾರದಲ್ಲಿ ಬಹಳ ಪಳಗಿದ ಕೈಯದು. ತಿಳಿಯದವನೆಂದು ಹೇಳಿಕೊಂಡವನ ಮೇಲೆ ಮೋಸದ ಆರೋಪ ಹೊರಿಸುವುದು ಕಷ್ಟ. ಅಷ್ಟೇ ಅಲ್ಲ, ಓದುವವನ ಮನಸ್ಸಿನಲ್ಲಿ ‘ಇವನಿಗೆ ಬೆಲೆ ಗೊತ್ತಿಲ್ಲ, ನನಗೆ ಗೊತ್ತು’ ಎಂಬ ಸಣ್ಣ ದುರಾಸೆಯನ್ನು ಅದು ಎಬ್ಬಿಸುತ್ತದೆ. ನಾನು ಮೋಸಹೋದೆ ಎನ್ನುವಾಗ, ಮಾರುವವನ ಅಜ್ಞಾನದಿಂದ ಲಾಭ ಮಾಡಿಕೊಳ್ಳಲು ಹೊರಟಿದ್ದೆ ಎಂಬುದನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಹತ್ತು ಫೋಟೋಗಳಲ್ಲಿ ಯಂತ್ರದ್ದೇ ನಾಲ್ಕು ಇದ್ದವು, ಎಲ್ಲವೂ ತೀರಾ ಹತ್ತಿರದಿಂದ ತೆಗೆದವು. ಹಿತ್ತಾಳೆ ಬಳೆ ಚೌಕಟ್ಟಿನ ಹೊರಗೆ ಉಳಿಯಲು ಎಷ್ಟು ಹತ್ತಿರ ಬೇಕೋ ಅಷ್ಟೇ ಹತ್ತಿರ.

ಸವಾಲಿನ ಕೊನೆಯ ಅರ್ಧ ಗಂಟೆ ಇನ್ನೂ ನೆನಪಿದೆ. ಬೆಲೆ 260 ಡಾಲರಿನಲ್ಲಿ ನಿಂತಿತ್ತು. ಹೆಸರಿನ ನಡುವೆ ಚುಕ್ಕಿಗಳನ್ನಿಟ್ಟು ಮರೆಮಾಡಿದ ಒಬ್ಬಾತ ಹತ್ತು ಹತ್ತು ಡಾಲರಿನಂತೆ ಏರಿಸುತ್ತಾ ಬಂದು, ನಾನು ಗುಟ್ಟಾಗಿ ನಮೂದಿಸಿದ್ದ ಗರಿಷ್ಠ ಮೊತ್ತಕ್ಕೆ ಹತ್ತು ಡಾಲರು ಕಡಿಮೆಯಿರುವಲ್ಲಿ ಸುಮ್ಮನಾದ. ಆಗ ಅದು ನನ್ನ ಅದೃಷ್ಟವೆನ್ನಿಸಿತು. ಅದೇ ಮಾರಾಟಗಾರನ ಇನ್ನೂ ಮೂರು ಹರಾಜುಗಳಲ್ಲಿ ಅದೇ ಚುಕ್ಕಿ ಹೆಸರು ಏರಿಸಿ ಏರಿಸಿ ಒಮ್ಮೆಯೂ ಗೆಲ್ಲದೆ ಹಿಂದೆ ಸರಿದದ್ದನ್ನು ಆಮೇಲೆ ನೋಡಿದೆ. ಸಂತೆಯಲ್ಲಿ ಎತ್ತು ಮಾರುವವನು ತನ್ನ ಬಾವಮೈದುನನನ್ನೇ ಗಿರಾಕಿಯಂತೆ ನಿಲ್ಲಿಸಿ ಬೆಲೆ ಕಟ್ಟಿಸುತ್ತಿದ್ದನೆಂದು ಅಪ್ಪ ಹೇಳುತ್ತಿದ್ದರು. ಇಲ್ಲಿ ಬಾವಮೈದುನನೂ ಬೇಕಿಲ್ಲ, ಇನ್ನೊಂದು ಇಮೇಲ್ ವಿಳಾಸ ಸಾಕು.

ದೂರು ಕೊಡುವ ದಾರಿಯೂ ಮುಚ್ಚಿಹೋಗಿತ್ತು, ಅದು ಪೂರ್ತಿ ನನ್ನದೇ ತಪ್ಪು. ಭಾರತಕ್ಕೆ ತರಿಸಿದರೆ ಸುಂಕ, ಅಂಚೆಯ ಅಲೆದಾಟ ಎಂದು ಹೆದರಿ, ಅಮೆರಿಕದಲ್ಲಿರುವ ಭಾವನ ವಿಳಾಸ ಕೊಟ್ಟಿದ್ದೆ. ಭಾವ ಪೊಟ್ಟಣ ಬಿಚ್ಚಿ, “ಚಂದ ಇದ್ದು ಮಾರಾಯ” ಎಂದು ಫೋಟೋ ಕಳಿಸಿ, ಐದು ತಿಂಗಳ ನಂತರ ಊರಿಗೆ ಬರುವಾಗ ತಂದುಕೊಟ್ಟರು. ತಕರಾರು ಎತ್ತಲು ತಾಣ ಕೊಡುವ ಗಡುವು ಅಷ್ಟರಲ್ಲಿ ಎಂದೋ ದಾಟಿತ್ತು. ವಿದೇಶದಲ್ಲಿರುವ ನೆಂಟರ ಮನೆಗೆ ತರಿಸಿಕೊಳ್ಳುವ ಈ ಅಭ್ಯಾಸ ನಮ್ಮಲ್ಲಿ ಬಹಳ ಮಂದಿಗಿದೆ. ವಸ್ತು ತಲುಪಿದ ದಿನದಿಂದ ಗಡುವಿನ ಲೆಕ್ಕ ಶುರುವಾಗುತ್ತದೆ; ನೆಂಟರು ವಿಮಾನ ಹತ್ತುವ ದಿನದಿಂದ ಅಲ್ಲ.

ಇಂಥ ವಿಷಯದಲ್ಲಿ ತಾಣಗಳ ಹೊಣೆ ಎಷ್ಟು ಎಂಬ ಪ್ರಶ್ನೆ ಹೊಸದೂ ಅಲ್ಲ, ಅದಕ್ಕೆ ಸಿಕ್ಕ ಉತ್ತರಗಳು ಎಲ್ಲ ಕಡೆ ಒಂದೇ ಆಗಿಯೂ ಇಲ್ಲ. ಜರ್ಮನಿಯಲ್ಲಿ ರಿಕಾರ್ಡೊ ಎಂಬ ಹರಾಜು ತಾಣದಲ್ಲಿ ನಕಲಿ ರೋಲೆಕ್ಸ್‌ಗಳು ಮಾರಾಟವಾಗುತ್ತಿವೆಯೆಂದು ರೋಲೆಕ್ಸ್ ಕಂಪನಿ ಮೊಕದ್ದಮೆ ಹೂಡಿತ್ತು. ಅಲ್ಲಿನ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2004ರ ಮಾರ್ಚ್‌ನಲ್ಲಿ ಕೊಟ್ಟ ತೀರ್ಪಿನಂತೆ, ಮಾರಾಟಗಾರರು ತಾವಾಗಿಯೇ ಹಾಕುವ ಪ್ರತಿಯೊಂದು ವಸ್ತುವನ್ನೂ ತಾಣ ಮುಂಚಿತವಾಗಿ ಪರೀಕ್ಷಿಸಬೇಕಾಗಿಲ್ಲ. ಆದರೆ ಸ್ಪಷ್ಟವಾದ ಉಲ್ಲಂಘನೆಯೊಂದು ಗಮನಕ್ಕೆ ಬಂದ ಮೇಲೆ ಅದೊಂದನ್ನು ತೆಗೆದುಹಾಕಿ ಕೈತೊಳೆದುಕೊಳ್ಳುವಂತಿಲ್ಲ, ಅಂಥದೇ ಮತ್ತೆ ಬಾರದಂತೆ ತನ್ನಿಂದ ಸಾಧ್ಯವಿರುವ ಎಚ್ಚರಿಕೆಯನ್ನೂ ವಹಿಸಬೇಕು. ಅಮೆರಿಕದಲ್ಲಿ ಆಭರಣ ಕಂಪನಿ ಟಿಫನಿ ಇಬೇ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ನ್ಯೂಯಾರ್ಕಿನಲ್ಲಿರುವ ಫೆಡರಲ್ ಮೇಲ್ಮನವಿ ನ್ಯಾಯಾಲಯ 2010ರಲ್ಲಿ ಬೇರೆಯೇ ದಾರಿ ಹಿಡಿದು, ತನ್ನಲ್ಲಿ ನಕಲಿಗಳಿವೆ ಎಂಬ ಸಾಮಾನ್ಯ ಅರಿವು ಸಾಲದು, ಇಂಥದೇ ವಸ್ತು ನಕಲಿ ಎಂಬ ನಿರ್ದಿಷ್ಟ ತಿಳಿವಳಿಕೆ ಇದ್ದರೆ ಮಾತ್ರ ತಾಣ ಹೊಣೆಯಾಗುತ್ತದೆ ಎಂದಿತು. ನನಗೆ ಜರ್ಮನಿಯ ತೀರ್ಪು ಹೆಚ್ಚು ನ್ಯಾಯವಾಗಿ ಕಾಣುತ್ತದೆ. ಸಂತೆ ನಡೆಸಿ ಸುಂಕ ಎತ್ತುವವನಿಗೆ ಕಳ್ಳತೂಕದ ಅಂಗಡಿ ಯಾವುದೆಂದು ಒಮ್ಮೆ ಗೊತ್ತಾದ ಮೇಲೆ, ಪ್ರತಿ ವಾರವೂ ಗಿರಾಕಿಯೇ ಬಂದು ಹೇಳಲಿ ಎಂದು ಕಾಯುವುದು ಸಲ್ಲದು.

ಎರಡೂ ಮೊಕದ್ದಮೆಗಳನ್ನು ಹೂಡಿದ್ದು ಕಂಪನಿಗಳು, ಅದೂ ತಮ್ಮ ಹೆಸರು ಕೆಡದಿರಲಿ ಎಂದು. ನಮ್ಮ 1999ರ ಟ್ರೇಡ್ ಮಾರ್ಕ್ ಕಾಯ್ದೆಯಲ್ಲಿಯೂ ಸುಳ್ಳು ಮುದ್ರೆ ಹಾಕಿದ ವಸ್ತುವನ್ನು ತಯಾರಿಸುವುದಕ್ಕೆ, ಮಾರುವುದಕ್ಕೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸವಿದೆ. ಆದರೆ ಬಳೆ ಹಾಕಿ ಕೂರಿಸಿದ ಅಸಲಿ ಯಂತ್ರ ಯಾವ ಮುದ್ರೆಯ ಉಲ್ಲಂಘನೆ, ಎಷ್ಟು ಭಾಗ ಉಲ್ಲಂಘನೆ ಎಂದು ವಾದಿಸಲು 25 ಸಾವಿರ ಕಳೆದುಕೊಂಡವನು ಇನ್ನೆಷ್ಟು ಸಾವಿರ ಖರ್ಚು ಮಾಡಬೇಕಾದೀತು?

ಇಷ್ಟಕ್ಕೂ ಅಸಲಿ ಯಂತ್ರ ಹೀಗೆ ಮನೆ ಬಿಟ್ಟು ಹೊರಬರುವುದು ಹೇಗೆ ಎಂದು ಯಜಮಾನರನ್ನು ಕೇಳಿದ್ದೆ. ಚಿನ್ನದ ಬೆಲೆ ಏರಿದಾಗಲೆಲ್ಲ ಹಳೆಯ ಚಿನ್ನದ ಕೈಗಡಿಯಾರಗಳು ಅಕ್ಕಸಾಲಿಗರ ಕುಲುಮೆಗೆ ಹೋಗುತ್ತವೆ. ಮನೆ ಕರಗುತ್ತದೆ, ಯಂತ್ರ ಮತ್ತು ಡಯಲ್ಲು ಡಬ್ಬಿಗಳಲ್ಲಿ ಬಿಡಿಯಾಗಿ ಉಳಿಯುತ್ತವೆ, ತೂಕದ ಲೆಕ್ಕದಲ್ಲಿ ಎಂಬಂತೆ ಕೈ ಬದಲಾಯಿಸುತ್ತವೆ. ಅವನ್ನು ಹೊಸ ಉಕ್ಕಿನ ಮನೆಗೆ ಕೂರಿಸಿ ಮಾರುವವರಿದ್ದಾರೆ. ಹಾಗೆ ಕೂರಿಸಿದ್ದು ಎಂದು ಹೇಳಿ ಮಾರಿದರೆ ಅದೊಂದು ರಿಪೇರಿ ಕಸುಬು, ಹೇಳದೆ ಮಾರಿದರೆ ಮೋಸ. ಹಲವು ಗಡಿಯಾರಗಳ ಅಂಗಾಂಗ ಜೋಡಿಸಿದ ಇಂಥವನ್ನು ಸಂಗ್ರಾಹಕರು ಫ್ರಾಂಕನ್ ವಾಚ್ ಎಂದು ಕರೆಯುತ್ತಾರೆ.

ಇದು ನನ್ನಂಥ ಸಣ್ಣವರಿಗೆ ಮಾತ್ರ ಆಗುವ ಮೋಸವೆಂದುಕೊಂಡಿದ್ದೆ. 2021ರ ನವೆಂಬರಿನಲ್ಲಿ ಜಿನೀವಾದಲ್ಲಿ ಫಿಲಿಪ್ಸ್ ಸಂಸ್ಥೆ ನಡೆಸಿದ ಹರಾಜಿನಲ್ಲಿ 1957ರ ಒಮೆಗಾ ಸ್ಪೀಡ್‌ಮಾಸ್ಟರ್ ಒಂದು, ಬಿಸಿಲಿಗೆ ಕಂದಿ ಕಂದು ಬಣ್ಣಕ್ಕೆ ತಿರುಗಿದ ಡಯಲ್ಲಿನದು, 31 ಲಕ್ಷ ಸ್ವಿಸ್ ಫ್ರಾಂಕ್‌ಗೂ ಮಿಕ್ಕಿ ಮಾರಾಟವಾಯಿತು. ಹರಾಜಿಗೆ ಮುನ್ನ ಮಾಡಿದ ಅಂದಾಜು 80 ಸಾವಿರದಿಂದ 1 ಲಕ್ಷ 20 ಸಾವಿರ ಮಾತ್ರ. ಕೊಂಡದ್ದು ಒಮೆಗಾ ಕಂಪನಿಯೇ, ತನ್ನ ಸಂಗ್ರಹಾಲಯಕ್ಕಾಗಿ. ಎರಡು ವರ್ಷವೂ ತುಂಬುವ ಮೊದಲು, 2023ರಲ್ಲಿ, ಅದು ಬೇರೆ ಬೇರೆ ಗಡಿಯಾರಗಳ ಬಿಡಿಭಾಗಗಳನ್ನು, ಬಹುಪಾಲು ಅಸಲಿಯಾದವನ್ನೇ, ಜೋಡಿಸಿ ಮಾಡಿದ್ದೆಂದು ಕಂಪನಿ ಬಹಿರಂಗಪಡಿಸಿತು; ಇದರಲ್ಲಿ ಸಂಗ್ರಹಾಲಯದ ಮಾಜಿ ಮುಖ್ಯಸ್ಥರೂ ಸೇರಿದಂತೆ ತನ್ನ ಮೂವರು ಮಾಜಿ ನೌಕರರ ಕೈವಾಡವಿತ್ತೆಂದೂ ಹೇಳಿತು. ಮುಚ್ಚಳ ಬಿಚ್ಚಿ ನೋಡುವ ಅವಕಾಶವಿದ್ದ, ತಜ್ಞರಿದ್ದ, ಕಂಪನಿಯ ಹಳೆಯ ದಾಖಲೆಗಳೇ ಕೈಯಲ್ಲಿದ್ದ ಕಡೆ ಹೀಗಾಯಿತು. ಸುದ್ದಿ ಓದಿದ ದಿನ ನನ್ನ 410 ಡಾಲರಿನ ದುಃಖ ಸ್ವಲ್ಪ ಕಡಿಮೆಯಾದದ್ದು ನಿಜ.

ಪೂರ್ತಿ ನಕಲಿಗಳ ಲೋಕವೂ ಈಗ ಬದಲಾಗಿದೆ. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಸಿಗುವ ಡೂಪ್ಲಿಕೇಟ್ ರೋಲೆಕ್ಸ್ ಯಾರನ್ನೂ ಮೋಸಗೊಳಿಸುವುದಿಲ್ಲ. ಕೊಳ್ಳುವವನಿಗೂ ಮಾರುವವನಿಗೂ ಅದೇನೆಂದು ಗೊತ್ತು, ಬೆಲೆಯೇ ಹೇಳುತ್ತದೆ. ಸೆಕೆಂಡಿನ ಮುಳ್ಳು ಜಿಗಿದರೆ ನಕಲಿ, ನಯವಾಗಿ ಜಾರಿದರೆ ಅಸಲಿ ಎಂಬ ಹಳೆಯ ಪರೀಕ್ಷೆ ಬ್ಯಾಟರಿ ಹಾಕಿದ ನಕಲಿಗಳ ಕಾಲದ್ದು. ಸ್ವಿಟ್ಜರ್ಲೆಂಡಿನ ಇಟಿಎ ಕಂಪನಿಯ 2824ರಂಥ ಯಂತ್ರಗಳ ಚೀನೀ ಪ್ರತಿರೂಪಗಳು ಬಂದ ಮೇಲೆ, ಸೆಕೆಂಡಿಗೆ ಎಂಟು ಸಣ್ಣ ಹೆಜ್ಜೆ ಹಾಕುವ ನಯವಾದ ಓಟ ನಕಲಿಗೂ ಬಂದಿದೆ. ತೂಕ ಸರಿಯಿರುತ್ತದೆ, ತಾರೀಕಿನ ಮೇಲಿನ ಭೂತಗನ್ನಡಿ ಸರಿಯಾಗಿ ದೊಡ್ಡದು ಮಾಡುತ್ತದೆ, ಗಾಜಿನ ಮೇಲೆ ರೋಲೆಕ್ಸ್‌ನ ಸೂಕ್ಷ್ಮ ಕಿರೀಟದ ಗುರುತೂ ಇರುತ್ತದೆ. ಗಡಿಯಾರದ ಮೇಲಿನ ಕ್ರಮಸಂಖ್ಯೆಯನ್ನಂತೂ ಯಾವುದೋ ಅಸಲಿ ಗಡಿಯಾರದ ಫೋಟೋದಿಂದಲೇ ಎತ್ತಿಕೊಳ್ಳುತ್ತಾರೆ. ಪ್ರಾಮಾಣಿಕ ಮಾರಾಟಗಾರರು ಫೋಟೋದಲ್ಲಿ ಸಂಖ್ಯೆಯ ಕೊನೆಯ ಅಂಕಿಗಳನ್ನು ಬೆರಳಿಂದ ಮುಚ್ಚಿಕೊಳ್ಳುವುದು ಇದಕ್ಕೇ. ಇನ್ನು ಪೆಟ್ಟಿಗೆ ಮತ್ತು ಕಾಗದಪತ್ರ. ಬರೀ ಖಾಲಿ ಪೆಟ್ಟಿಗೆ, ಹಳೆಯ ಖಾತರಿ ಕಾರ್ಡುಗಳು ಇದೇ ಹರಾಜು ತಾಣಗಳಲ್ಲಿ ಪ್ರತ್ಯೇಕವಾಗಿ, ಒಳ್ಳೆಯ ಬೆಲೆಗೆ ಮಾರಾಟವಾಗುತ್ತವೆ. ಖಾಲಿ ಪೆಟ್ಟಿಗೆಗೆ ಅಷ್ಟು ಹಣ ಕೊಡುವವರು ಅದರಲ್ಲಿ ಏನಿಡುತ್ತಾರೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹರಾಜು ಸೋತವರನ್ನು ಬೆನ್ನಟ್ಟಿ ಬರುವ ಮೋಸವೂ ಉಂಟು. ಗೆದ್ದವರು ಹಿಂದೆ ಸರಿದಿದ್ದಾರೆ, ನಿಮ್ಮ ಬೆಲೆಗೇ ಕೊಡುತ್ತೇನೆ, ತಾಣದ ಕಮಿಷನ್ ಉಳಿಸಲು ಹಣವನ್ನು ನೇರವಾಗಿ ಬ್ಯಾಂಕಿಗೆ ಹಾಕಿ ಎಂದು ಇಮೇಲ್ ಬರುತ್ತದೆ. ಹಾಗೆ ಕಳಿಸಿದ ಹಣಕ್ಕೆ ತಾಣದ ಯಾವ ರಕ್ಷಣೆಯೂ ಇಲ್ಲ. ಕಳಿಸಿದ್ದು ಭಾರತದ ಖಾತೆಗಾಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಹಿಡಿಯಲು ಆ ಮೊದಲ ಗಂಟೆಗಳೇ ಮುಖ್ಯ. ನ್ಯಾಯವಾಗಿ ಹೇಳುವುದಾದರೆ ಮಾರುವವರೂ ಮೋಸಹೋಗುತ್ತಾರೆ: ಅಸಲಿಯನ್ನು ಕೊಂಡು, ನಕಲಿಯೆಂದು ದೂರು ಕೊಟ್ಟು, ನಿಜವಾಗಿಯೂ ನಕಲಿಯೊಂದನ್ನೇ ಹಿಂದಿರುಗಿಸುವ ಗಿರಾಕಿಗಳಿದ್ದಾರೆ.

ಇಬೇ 2020ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಒಂದು ಹೊಸ ಕ್ರಮ ತಂದಿತು. 2,000 ಡಾಲರಿಗೆ ಮೇಲ್ಪಟ್ಟ ಕೈಗಡಿಯಾರ ಮಾರಾಟವಾದರೆ ಅದು ನೇರವಾಗಿ ಕೊಂಡವನಿಗೆ ಹೋಗದೆ, ಮೊದಲು ತಜ್ಞರ ಕೈಗೆ ಹೋಗಿ ಪರೀಕ್ಷೆಯಾಗಬೇಕು. ಅಂದರೆ, ಅಡಿಕೆ ಕತ್ತರಿಸಿ ನೋಡುವವನನ್ನು ಹರಾಜಿಗೆ ತರಲು ಇಪ್ಪತ್ತೈದು ವರ್ಷ ಹಿಡಿಯಿತು. ಅಲ್ಲಿಯೂ ನನ್ನ 410 ಡಾಲರಿನ ಗಡಿಯಾರಕ್ಕೆ ಜಾಗವಿರುತ್ತಿರಲಿಲ್ಲ.

ಜಾಗವಿಲ್ಲದ ಇನ್ನೊಂದು ಗಡಿಯಾರ ನಮ್ಮದೇ ಊರಿನದು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆ ಆರಂಭಿಸಿದ ಎಚ್‌ಎಂಟಿಯ ಗಡಿಯಾರ ಘಟಕವನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ತೀರ್ಮಾನಿಸಿತು. ಆಮೇಲೆ ಜನತಾ, ಪೈಲಟ್ ಹೆಸರುಗಳಿಗೆ ಹೊರದೇಶದ ಸಂಗ್ರಾಹಕರಲ್ಲಿಯೂ ಬೇಡಿಕೆ ಕುದುರಿತು. ಇವತ್ತು ಯಾವುದೇ ದೊಡ್ಡ ಹರಾಜು ತಾಣದಲ್ಲಿ ಎಚ್‌ಎಂಟಿ ಪೈಲಟ್ ಎಂದು ಹುಡುಕಿದರೆ ಕಿತ್ತಳೆ, ನೇರಳೆ, ಗಿಳಿಹಸಿರು ಡಯಲ್ಲುಗಳು ಸಾಲುಗಟ್ಟಿ ಬರುತ್ತವೆ. ಯಜಮಾನರಿಗೆ ಅಂಥ ಒಂದನ್ನು ಫೋನಿನಲ್ಲಿ ತೋರಿಸಿದಾಗ, “ಇದು ಯಾವ ಜಾತ್ರೆಯ ಪೈಲಟ್ಟು?” ಎಂದು ನಕ್ಕುಬಿಟ್ಟರು. ಒಳಗೆ 17 ಜ್ಯುವೆಲ್ಲಿನ 0231 ಯಂತ್ರ ಅಸಲಿಯೇ ಇರಬಹುದು. ಮೇಲಿನ ಬಣ್ಣ ಜಾಲಹಳ್ಳಿಯ ಎಚ್‌ಎಂಟಿ ಕಾರ್ಖಾನೆ ಕಂಡದ್ದಲ್ಲ. ಹೀಗೆ ನಮ್ಮ ದೇಶದಲ್ಲಿ ಬಣ್ಣ ಬಳಿದು ಹೊರಗೆ ಹೋಗುವ ಫಾವ್ರ್-ಲುಬಾ, ಸೈಕೊ, ಎಚ್‌ಎಂಟಿಗಳಿಗೆಲ್ಲ ಹೊರದೇಶದವರು ಒಟ್ಟಾಗಿ ಇಟ್ಟ ಹೆಸರು ಮುಂಬೈ ಸ್ಪೆಷಲ್. ರೋಲೆಕ್ಸ್‌ಗೆ ವಕೀಲರಿದ್ದಾರೆ. ಬಾಗಿಲು ಮುಚ್ಚಿದ ಕಾರ್ಖಾನೆಯ ಪರವಾಗಿ ಹರಾಜು ತಾಣಕ್ಕೆ ದೂರು ಬರೆಯುವವರು ಯಾರು? ವಿದೇಶದ ಕನ್ನಡಿಗರು ತಂದೆಯ ನೆನಪಿಗೆಂದು ಇವನ್ನೇ ಹುಡುಕಿ ಕೊಳ್ಳುತ್ತಾರೆ ಎಂಬುದು ನನಗೆ ರೋಲೆಕ್ಸ್‌ನ ಎಲ್ಲ ನಕಲಿಗಳಿಗಿಂತ ಹೆಚ್ಚು ಬೇಸರದ ಸಂಗತಿ.

ನನ್ನ ಒಮೆಗಾ ಈಗಲೂ ಮೇಜಿನ ಡ್ರಾಯರಿನಲ್ಲಿದೆ, ಕೀಲಿ ಕೊಟ್ಟರೆ ನಡೆಯುತ್ತದೆ, ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆ. ಆ ಯಂತ್ರಕ್ಕೆ ಒಪ್ಪುವ ಅಸಲಿ ಮನೆ, ಅಸಲಿ ಡಯಲ್ಲು ಸಿಕ್ಕರೆ ಕೂರಿಸಿಕೊಡುತ್ತೇನೆಂದು ಯಜಮಾನರು ಹೇಳಿದ್ದರು. ಕೆಲವು ತಿಂಗಳು ಹುಡುಕಿದೆ, ಎರಡೂ ಬೇರೆ ಬೇರೆ ಹರಾಜುಗಳಲ್ಲಿ ಕಾಣಿಸಿಕೊಂಡವು, ಸವಾಲಿನ ಮೊತ್ತವನ್ನೂ ನಮೂದಿಸಲು ಹೋಗಿದ್ದೆ. ಮೂರು ಗಡಿಯಾರಗಳ ಅಸಲಿ ಭಾಗಗಳನ್ನು ಒಂದುಗೂಡಿಸಿ ಎಲ್ಲಿಯೂ ಇರದಿದ್ದ ನಾಲ್ಕನೆಯದನ್ನು ಮಾಡಲು ಹೊರಟಿದ್ದೇನೆಂಬುದು ಆಗ ಹೊಳೆಯಿತು. ಅದನ್ನು ಬಿಟ್ಟು, ಮತ್ತೆ ಆ ಅಂಗಡಿಗೆ ಹೋಗಿ ಮುಚ್ಚಳ ಬಿಚ್ಚಿಸಿ, ಕಂಡದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡೆ: ಮೆಷಿನ್ ಒಮೆಗಾ, ಚಿಕ್ಕ ಅಳತೆಯದು, ಡಯಲ್ಲು ಬಣ್ಣ ಬಳಿದದ್ದು, ಮನೆ, ಗುಂಡಿ ಬೇರೆಯವು, ಬಳೆ ಕೈಯಿಂದ ಉಜ್ಜಿದ್ದು. ಕೆಳಗೆ ತಾರೀಕು ಹಾಕಿ ಯಜಮಾನರ ರುಜು ಕೇಳಿದೆ. ಅವರು ನಗುತ್ತಾ ಕನ್ನಡದಲ್ಲಿ ರುಜು ಹಾಕಿಕೊಟ್ಟರು. ಆ ಚೀಟಿ ಗಡಿಯಾರದ ಜೊತೆಗೇ, ಅದೇ ಪ್ಲಾಸ್ಟಿಕ್ ಚೀಲದಲ್ಲಿದೆ.